ಭಾನುವಾರ ಪೂಜೆಗೆ ಹೋಗುತ್ತಿದ್ದ ಗಿಡುಗ

ವಿಜಿಲಿಯೋ ತಂಗೆತ್ತಿ ಯಾರಾದರೂ ಕೂತು ಬರೆಯಬೇಕಾದಷ್ಟು ದೊಡ್ಡ ಮನುಷ್ಯನಲ್ಲ. ಬರೆಯುತ್ತಿರುವ ನಾನೂ ಅಂಥ ಘನಂದಾರಿಯೇನಲ್ಲ. ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಗೆ ಹೋಗಿ ಹಿತ್ತಾಳೆಗೆ ಹೊಳಪು ಕೊಡುತ್ತೇನೆ. ನಾನು ಉಜ್ಜಿದ ನಲ್ಲಿಗಳು ಅರ್ಧ ಯುರೋಪಿನ ಸ್ನಾನದ ಮನೆಗಳಲ್ಲಿ ಮಿಂಚುತ್ತಿವೆಯಂತೆ. ನನ್ನ ಬಾಡಿಗೆ ಕೋಣೆಯ ನಲ್ಲಿ ಮಾತ್ರ ಒಂದೇ ಸಮನೆ ತೊಟ್ಟಿಕ್ಕುತ್ತದೆ; ಅದಕ್ಕೊಂದು ವಾಷರ್ ಹಾಕಲು ನನಗೆ ಬರುವುದಿಲ್ಲ. ಮೂವತ್ತಕ್ಕೆ ಕಾಲಿಟ್ಟವನು ತನ್ನ ಬಗ್ಗೆ ಹೇಳಿಕೊಳ್ಳಲು ಇರುವುದು ಇಷ್ಟೇ. ಆದ್ದರಿಂದ ಈ ವಿಜಿಲಿಯೋ ಮಾವನ ಬಗ್ಗೆ ಹೇಳುತ್ತೇನೆ. ಅವನ ಪಕ್ಕದಲ್ಲಿ ನಿಂತರೆ ನಾನು ಕೊಂಚ ಎತ್ತರ ಕಾಣಬಹುದೆಂಬ ಆಸೆಯೂ ಇದೆ.

ನಮ್ಮಮ್ಮನಿಗೆ ಅವನು ದೂರದ ಅಣ್ಣನಾಗಬೇಕು, ಹಾಗಾಗಿ ನನಗೆ ಮಾವ. ಎಪ್ಪತ್ತು ದಾಟಿದೆ. ಮದುವೆಯಾಗಲಿಲ್ಲ. ಹಕ್ಕಿ ಏಳುವ ಮೊದಲೇ ಎದ್ದು ಒಲೆ ಹಚ್ಚುವಂಥ ಹೆಣ್ಣು ಈ ಕಣಿವೆಯಲ್ಲಿ ಹುಟ್ಟಲಿಲ್ಲ ಎನ್ನುತ್ತಾನೆ. ಅವನ ತಂಗಿ ದೊಮಿತಿಲ್ಲಾ ಹರೆಯದಿಂದಲೂ ಹಕ್ಕಿ ಏಳುವ ಮೊದಲೇ ಎದ್ದು ಅವನಿಗೆ ಒಲೆ ಹಚ್ಚಿಕೊಡುತ್ತಾ ಬಂದಿದ್ದಾಳೆ. ಅದು ಅವನ ಗಮನಕ್ಕೆ ಬಂದಿಲ್ಲ.

ನಮ್ಮ ಕಣಿವೆಯಲ್ಲಿ ಕೆಳಗೆ ಹೊಳೆಯ ಗುಂಟ ಕಾರ್ಖಾನೆಗಳು, ಮೇಲೆ ಗುಡ್ಡದ ನೆತ್ತಿಯಲ್ಲಿ ಹಕ್ಕಿ ಹಿಡಿಯುವ ಗೋಪುರಗಳು. ಗೋಪುರವೆಂದರೆ ಬಳ್ಳಿ ಹಬ್ಬಿದ, ಒಬ್ಬ ಮನುಷ್ಯ ಕೂರುವಷ್ಟು ಜಾಗದ, ಎರಡು ಆಳೆತ್ತರದ ಕಲ್ಲು ಗೂಡು. ಅದರ ಮುಂದೆ ಒತ್ತಾಗಿ ಬೆಳೆಸಿ ಕತ್ತರಿಸಿದ ಮರಗಳ ದುಂಡನೆ ಬೇಲಿ. ಬೇಲಿ ಎರಡು ಸಾಲು, ನಡುವೆ ಓಣಿ, ಓಣಿಯಲ್ಲಿ ಕಣ್ಣಿಗೆ ಕಾಣದಂಥ ಬಲೆ. ಶರತ್ಕಾಲದಲ್ಲಿ ಉತ್ತರದಿಂದ ಸಿಳ್ಳಾರ ಹಕ್ಕಿಗಳ ಹಿಂಡುಗಳು ಈ ಗುಡ್ಡ ದಾಟಿ ದಕ್ಷಿಣಕ್ಕೆ ಹೋಗುತ್ತವೆ. ಬೇಲಿಯೊಳಗಿನ ಪಂಜರಗಳಲ್ಲಿ ಕೂತ ಕರೆಹಕ್ಕಿಗಳು ಹಾಡುತ್ತವೆ. ಹಾಡಿಗೆ ಮರುಳಾದ ಹಿಂಡು ಬೇಲಿಯ ಮೇಲೆ ಇಳಿಯುತ್ತದೆ. ಆಗ ಗೋಪುರದ ಕಿಂಡಿಯಿಂದ ಒಬ್ಬ, ಕಡ್ಡಿ ಹೆಣೆದು ಮಾಡಿದ ಬೀಸಣಿಗೆಯಂಥದ್ದನ್ನು ಹಿಂಡಿನ ಮೇಲೆ ಬೀಸಿ ಒಗೆಯುತ್ತಾನೆ, ಜೊತೆಗೆ ತುಟಿಯಲ್ಲಿ ಸುಯ್ಯೆಂದು ಶಿಳ್ಳೆ ಹಾಕುತ್ತಾನೆ. ಅದೇ ಕಡ್ಡಿಗಿಡುಗ. ನಿಜವಾದ ಗಿಡುಗವೇ ಎರಗಿತೆಂದುಕೊಂಡ ಹಕ್ಕಿ ಮೇಲೆ ಹಾರುವ ಧೈರ್ಯ ಸಾಲದೆ ನೆಲಕ್ಕೆ ಸಮನಾಗಿ ನುಗ್ಗಿ ಬಲೆಗೆ ಬೀಳುತ್ತದೆ.

ಕರೆಹಕ್ಕಿ ಹಾಡುವುದು ವಸಂತದಲ್ಲಿ, ಹಿಡಿಯಬೇಕಾದದ್ದು ಶರತ್ಕಾಲದಲ್ಲಿ. ನಮ್ಮವರು ಅದಕ್ಕೂ ದಾರಿ ಕಂಡುಕೊಂಡಿದ್ದರು. ಮೇ ತಿಂಗಳಲ್ಲಿ ಪಂಜರಗಳನ್ನು ನೆಲಮಾಳಿಗೆಯ ಕತ್ತಲಿಗೆ ಇಳಿಸಿ, ಬೇಸಿಗೆಯ ಕೊನೆಗೆ ಮೆಲ್ಲನೆ ಬೆಳಕಿಗೆ ತರುವುದು. ಹಗಲು ಉದ್ದವಾಯಿತೆಂದು ಹಕ್ಕಿಯ ಮೈಗೆ ಭ್ರಮೆ ಹತ್ತುತ್ತದೆ, ಹಾರ್ಮೋನು ಏರುತ್ತದೆ, ಎಲೆ ಉದುರುವ ಕಾಲದಲ್ಲಿ ಅದು ಪ್ರಣಯಗೀತೆ ಹಾಡುತ್ತದೆ. ಮಾವನಿಗೆ ಈ ವಿದ್ಯೆಯ ಬಗ್ಗೆ ಬಹಳ ಹೆಮ್ಮೆ. ದೊಮಿತಿಲ್ಲಾಗೆ ಅಷ್ಟಿಲ್ಲ. “ಇವನನ್ನೂ ಅದೇ ಮಾಳಿಗೇಲಿ ಒಂದು ಬೇಸಿಗೆ ಬಿಟ್ಟಿದ್ರೆ, ಈ ಮನೇಲೂ ಒಂದು ಒಳ್ಳೇ ಮಾತು ಕೇಳ್ತಿತ್ತೇನೋ” ಎಂದು ಮೆಕ್ಕೆಜೋಳದ ಪೊಲೆಂತಾ ಮುದ್ದೆ ತಿರುವುತ್ತಾ ಹೇಳುತ್ತಿದ್ದಳು.

ಬಲೆ ಹಾಕಬಾರದೆಂಬ ಕಾನೂನು ಬಂದಾಗ ಮಾವನಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಗೋಪುರಕ್ಕೆ ಬೀಗ ಬಿತ್ತು. ಚಮಚ ಮಾಡುವ ಕಾರ್ಖಾನೆ ಸೇರಿ ನಿವೃತ್ತಿಯಾಗುವ ತನಕ ಚಮಚ ಮಾಡಿದ. ಇಷ್ಟು ವರ್ಷ ಚಮಚ ಮಾಡಿದವನ ಬಾಯಲ್ಲಿ ಒಂದು ದಿನವೂ ಚಮಚದ ಮಾತು ಬಂದದ್ದನ್ನು ನಾನು ಕೇಳಿಲ್ಲ. ಹೆಂಡದಂಗಡಿಯಲ್ಲಿ ಅವನು ಹೇಳುತ್ತಿದ್ದದ್ದು ಒಂದೇ ಕಥೆ: ಅಪ್ಪನ ಕೈಯಿಂದ ಕಡ್ಡಿಗಿಡುಗ ಇಸಿದುಕೊಂಡು ತಾನು ಒಂದೇ ಎಸೆತಕ್ಕೆ ಇಡೀ ಹಿಂಡನ್ನು ಕೆಡವಿದ್ದು. ಹಿಂಡು ವರ್ಷವರ್ಷಕ್ಕೆ ದೊಡ್ಡದಾಗುತ್ತಿತ್ತು. ಇತ್ತೀಚಿನ ಆವೃತ್ತಿಯಲ್ಲಿ ಒಂದು ಸಿಳ್ಳಾರ ಪಾದ್ರಿಗಳ ಕಾಲ ಸಂದಿಯಿಂದ ತೂರಿ ಹೋಗಿ ಬಲೆಗೆ ಬಿದ್ದಿತ್ತು. ಪಾದ್ರಿಗಳು ಆ ಹೊತ್ತಿನಲ್ಲಿ ಗುಡ್ಡದ ಮೇಲೆ ಏನು ಮಾಡುತ್ತಿದ್ದರೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

“ಒಂದೇ ಎಸೆತ,” ಎಂದು ಬೆರಳೆತ್ತುತ್ತಿದ್ದ. “ಎರಡು ಎಸೆಯೋನು ಬೇಟೆಗಾರನಲ್ಲ, ಬಟ್ಟೆ ಒಗೆಯೋನು.”

ಅವನ ಅದೃಷ್ಟವೋ ನಮ್ಮ ದುರದೃಷ್ಟವೋ, ನಾಲ್ಕು ವರ್ಷದ ಹಿಂದೆ ಒಂದು ವಿಶ್ವವಿದ್ಯಾಲಯದವರು ಬಂದು ಗೋಪುರದ ಬೀಗ ತೆಗೆಸಿದರು. ಹಕ್ಕಿ ಹಿಡಿಯುವುದು, ಒಂದು ಹನಿ ರಕ್ತ ತೆಗೆಯುವುದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟುಬಿಡುವುದು. ಕರೆಹಕ್ಕಿ ನೋಡಿಕೊಳ್ಳಲು, ಗೋಪುರದಲ್ಲಿ ಕೂತು ಬಂದ ಹಿಂಡು ಯಾವುದೆಂದು ಗುರುತಿಸಲು ಮಾವನನ್ನೇ ಇಟ್ಟುಕೊಂಡರು. ಪರವಾನಗಿಯಲ್ಲಿ ಸ್ಪಷ್ಟವಾಗಿತ್ತು: ಕರೆಹಕ್ಕಿ ಇರಬಹುದು, ಬಲೆ ಇರಬಹುದು, ಕಡ್ಡಿಗಿಡುಗ ಕೂಡದು. ಮಾವ ರುಜು ಹಾಕಿದ. ರಾಜ್ಯ ಮರಳಿ ಪಡೆದ ದೊರೆಯ ಗತ್ತಿನಲ್ಲಿ ಗೋಪುರದ ಏಣಿ ಹತ್ತಿದ. ಮೂರನೇ ಮೆಟ್ಟಿಲಲ್ಲಿ ಮಂಡಿ ಹಿಡಿದುಕೊಂಡಿತು. ಹಿಂದಿನಿಂದ ನಾನು ದೂಕಿ ಹತ್ತಿಸಿದೆ.

ನಾನು ಅಲ್ಲಿದ್ದದ್ದು ಬೆಳಗಿನ ಕೂಲಿಗೆ. ಮಧ್ಯಾಹ್ನದ ತನಕ ಹೇಗೂ ಹಾಸಿಗೆಯಲ್ಲಿ ಹೊರಳುವವನು, ಬಾ ಎಂದು ಮಾವ ಕರೆದಿದ್ದ. ಕೆಲಸ ಓಡುವುದು. ಓಡಿಸುತ್ತಿದ್ದವಳು ಒತ್ತಾವಿಯಾ ಮರಂಗೋನ್, ಪಾದುವಾ ಕಡೆಯವಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಹಕ್ಕಿಗಳ ರಕ್ತದಲ್ಲೇ ಡಾಕ್ಟರೇಟು ಪಡೆದವಳು. ನಾವೆಲ್ಲ ಡಾಕ್ಟ್ರಮ್ಮ ಎನ್ನುತ್ತಿದ್ದೆವು. ನಗುವುದಕ್ಕೆ ಮುಂಚೆ ಅದರ ಅವಶ್ಯಕತೆಯಿದೆಯೇ ಎಂದು ಯೋಚಿಸುತ್ತಿದ್ದಳು, ಬಹುಮಟ್ಟಿಗೆ ಇಲ್ಲವೆಂದು ತೀರ್ಮಾನಿಸುತ್ತಿದ್ದಳು.

ಅವಳು ನನಗೆ ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ಹಕ್ಕಿ ಹೆದರಿದರೆ ಅದರ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಆದರೆ ಥಟ್ಟನೆ ಏರುವುದಿಲ್ಲ, ಅದಕ್ಕೆ ಮೂರು ನಿಮಿಷವಾದರೂ ಬೇಕು. ಹಾಗಾಗಿ ಬಲೆಗೆ ಬಿದ್ದ ಮೂರು ನಿಮಿಷದೊಳಗೆ ರಕ್ತ ತೆಗೆದರೆ, ಬಲೆಯ ಭಯ ಇನ್ನೂ ರಕ್ತಕ್ಕೆ ಇಳಿದಿರುವುದಿಲ್ಲ; ಅದಕ್ಕೂ ಮೊದಲು ಹಕ್ಕಿ ಯಾವ ಮನಃಸ್ಥಿತಿಯಲ್ಲಿ ಹಾರಿಕೊಂಡು ಬರುತ್ತಿತ್ತು ಎಂಬುದು ಸಿಗುತ್ತದೆ. ತಡವಾದರೆ ಸಿಗುವುದು ನಮ್ಮನ್ನು ನೋಡಿ ಹೆದರಿದ ರಕ್ತ. ನಾನು ಓಣಿಯ ತುದಿಯಲ್ಲಿ ಪೊದೆಯೊಳಗೆ ಕುಕ್ಕರುಗಾಲಲ್ಲಿ ಕೂತಿರಬೇಕು. ಹಕ್ಕಿ ಬಿದ್ದ ಕೂಡಲೇ ಗಡಿಯಾರ ಒತ್ತಿ, ಬಲೆ ಬಿಡಿಸಿ, ಬಟ್ಟೆ ಚೀಲಕ್ಕೆ ಹಾಕಿ, ಗೋಪುರದ ಹಿಂದಿನ ಇಳಿಜಾರಿನಲ್ಲಿದ್ದ ಅವಳ ಗುಡಿಸಲಿಗೆ ಓಡಬೇಕು. ಒಂದು ದಿನವೂ ಪಾಳಿಗೆ ಹೊತ್ತಿಗೆ ಸರಿಯಾಗಿ ಹೋಗದ ನಾನು ಒಂದು ಸಿಳ್ಳಾರಕ್ಕಾಗಿ ಹಾಗೆ ಓಡುವುದನ್ನು ನಮ್ಮ ಮೇಸ್ತ್ರಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ.

ಮಾವ ಇದನ್ನೆಲ್ಲ ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತ. “ಹಕ್ಕಿಗೆಂಥ ಒತ್ತಡ ಡಾಕ್ಟ್ರಮ್ಮ? ಅದಕ್ಕೇನು ಪಾಳಿ ಇದೆಯಾ, ಮೇಸ್ತ್ರಿ ಇದಾನಾ? ಒತ್ತಡದ ರಕ್ತ ಬೇಕಾದ್ರೆ ಇಗೋ ಈ ನಮ್ಮ ಲೋರಿಸಂದು ತೆಗೀರಿ,” ಎಂದು ನನ್ನತ್ತ ಬೆರಳು ತೋರಿಸಿದ.

“ಮನುಷ್ಯರದ್ದು ಈ ಯೋಜನೇಲಿ ಇಲ್ಲ,” ಎಂದಳು ಅವಳು, ಗಂಭೀರವಾಗಿ.

“ಇವನು ಮನುಷ್ಯ ಅಂತ ಯಾರು ಹೇಳಿದ್ದು ನಿಮಗೆ?”

ಮೊದಲ ಶರತ್ಕಾಲ ಹಕ್ಕಿ ಬಹಳ ಕಡಿಮೆ ಬಿದ್ದವು. ಬಿದ್ದವುಗಳ ರಕ್ತ ಶಾಂತವಾಗಿತ್ತು. ಬಿಟ್ಟರೆ ಪಕ್ಕದ ಪೊದೆಯಲ್ಲಿ ಕೂತು ಹಣ್ಣು ತಿಂದು ಎರಡು ದಿನ ಇದ್ದು ಹೋಗುತ್ತಿದ್ದವು. ಡಾಕ್ಟ್ರಮ್ಮನಿಗೆ ಅಷ್ಟು ಸಾಕಿತ್ತು. ಪರವಾನಗಿ ಕೊಡುವ ಕಚೇರಿಗೆ ಸಾಕಾಗಲಿಲ್ಲ. ಮುಂದಿನ ವರ್ಷಗಳಲ್ಲೂ ಬಲೆ ಹೀಗೆಯೇ ಬಣಬಣ ಎಂದರೆ ಕೇಂದ್ರವನ್ನು ಸರೋವರದ ಕಡೆಯ ಕಣಿವೆಗೆ ಒಯ್ಯುತ್ತೇವೆ, ಈ ಗೋಪುರಕ್ಕೆ ಬೀಗ ಹಾಕುತ್ತೇವೆ ಎಂದು ತಿಳಿಸಿದರು.

ಮಾವ ಆ ಚಳಿಗಾಲವಿಡೀ ಕಥೆ ಹೇಳಲಿಲ್ಲ. ಹೆಂಡದಂಗಡಿಗೆ ಬರುತ್ತಿದ್ದ, ವೈನಿಗೆ ಸೋಡಾ ಬೆರೆಸಿದ ತನ್ನ ಪಿರ್ಲೋ ಗ್ಲಾಸು ತಿರುಗಿಸುತ್ತಾ ಕೂರುತ್ತಿದ್ದ. ನಮಗೆಲ್ಲ ಬಹಳ ನೆಮ್ಮದಿಯಾಗಿತ್ತು. ದೊಮಿತಿಲ್ಲಾ ಮಾತ್ರ ಒಂದು ಸಲ ನನ್ನನ್ನು ಬಾಗಿಲಲ್ಲಿ ತಡೆದು, ಇನ್ನೊಂದು ಸಲ ಆ ಬೀಗ ಬಿದ್ದರೆ ಇವನು ಮಂಚದಿಂದ ಏಳುವುದಿಲ್ಲ ಕಣೋ, ನನಗೆ ಗೊತ್ತು ಎಂದಳು. ನಾನು ಹೂಂ ಎಂದು ಪಾಳಿಗೆ ಹೋದೆ.

ಮರುವರ್ಷ ಹಕ್ಕಿ ಬಿದ್ದವು. ದಂಡಿಯಾಗಿ ಬಿದ್ದವು. ಆದರೆ ರಕ್ತ ಬೇರೆಯೇ ಹೇಳುತ್ತಿತ್ತು. ನಾನು ನಾಲಿಗೆ ಹೊರಚಾಚಿ ಎರಡೇ ನಿಮಿಷದಲ್ಲಿ ತಲುಪಿಸಿದ ಹಕ್ಕಿಯಲ್ಲೂ ಒತ್ತಡದ ಹಾರ್ಮೋನು ತಾರಾಮಾರಾ ಏರಿರುತ್ತಿತ್ತು. ಬಿಟ್ಟರೆ ಹಣ್ಣಿನ ಪೊದೆಯತ್ತ ತಿರುಗಿಯೂ ನೋಡದೆ, ಹಸಿದ ಹೊಟ್ಟೆಯಲ್ಲೇ ಗುಡ್ಡ ದಾಟಿ ಪರಾರಿ. ಭಾನುವಾರ ಮಾತ್ರ ಹಾಗಿಲ್ಲ. ಭಾನುವಾರ ಬೀಳುತ್ತಿದ್ದದ್ದು ನಾಲ್ಕೋ ಐದೋ, ಅವು ಮೊದಲ ವರ್ಷದ ಹಕ್ಕಿಗಳ ಹಾಗೆ ತಣ್ಣಗಿರುತ್ತಿದ್ದವು.

ಡಾಕ್ಟ್ರಮ್ಮ ಯೋಚಿಸಿದಳು. ಈ ಕಣಿವೆಯಲ್ಲಿ ಭಾನುವಾರ ಇಲ್ಲದ್ದು, ಉಳಿದ ದಿನ ಇರುವುದು ಏನು? ಕಾರ್ಖಾನೆ. ಹೋದ ವರ್ಷ ಇಲ್ಲದ್ದು, ಈ ವರ್ಷ ಇರುವುದು ಏನು? ಆ ಬೇಸಿಗೆಯಲ್ಲೇ ನಮ್ಮ ನಲ್ಲಿ ಕಾರ್ಖಾನೆಗೆ ಹಿತ್ತಾಳೆ ಬಡಿಯುವ ಹೊಸ ಬಡಿಗೆಯಂತ್ರ ಬಂದಿತ್ತು. ಅದು ಒಂದೊಂದು ಏಟು ಹಾಕಿದಾಗಲೂ ಗುಡ್ಡದ ಮೇಲೆ ಚಹದ ಲೋಟ ನಡುಗುತ್ತಿತ್ತು. ಅವಳ ಮುಖದಲ್ಲಿ ಮೊದಲ ಬಾರಿಗೆ, ಅವಶ್ಯಕತೆಯ ವಿಚಾರಣೆಯಿಲ್ಲದೆ, ನಗು ಬಂತು. ಕಾರ್ಖಾನೆಯ ಸದ್ದು ಕಾಡುಹಕ್ಕಿಗಳನ್ನು ತಾಸುಗಟ್ಟಲೆ ಭಯದಲ್ಲಿಡುತ್ತಿದೆ, ಭಯದಲ್ಲಿರುವ ಹಕ್ಕಿ ತಂಗುವುದಿಲ್ಲ, ತಿನ್ನುವುದಿಲ್ಲ. ವಲಸೆಯ ಕಾಲದ ಬೆಳಗುಗಳಲ್ಲಿ ಆ ಯಂತ್ರ ನಿಲ್ಲಿಸಬೇಕೆಂದು ಬರೆಯಲು ಕೂತಳು. ಅಂದರೆ ಬೆಳಿಗ್ಗೆ ನಾನು ಏದುಸಿರು ಬಿಟ್ಟು ತಂದುಕೊಟ್ಟ ರಕ್ತ ಮಧ್ಯಾಹ್ನದ ನನ್ನ ಅನ್ನದ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಎರಡು ಕಡೆ ದುಡಿಯುವ ಜಾಣತನಕ್ಕೆ ಸಿಕ್ಕ ಫಲ.

ಓದುವವರನ್ನು ಕಾಯಿಸುವುದಿಲ್ಲ, ಡಾಕ್ಟ್ರಮ್ಮನಿಗೂ ನನಗೂ ಬಹಳ ತಡವಾಗಿ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಆ ವರ್ಷದಿಂದ ಮಾವ ಗೋಪುರದಿಂದ ಕಡ್ಡಿಗಿಡುಗ ಒಗೆಯುತ್ತಿದ್ದ. ಅವಳ ಗುಡಿಸಲಿಗೆ ಗೋಪುರದ ಬೆನ್ನು ಮಾತ್ರ ಕಾಣುತ್ತಿತ್ತು, ನನಗೆ ಪೊದೆಯೊಳಗಿಂದ ಬಲೆಯ ಬುಡವಷ್ಟೇ ಕಾಣುತ್ತಿತ್ತು. ಸುಯ್ಯೆನ್ನುವ ಶಿಳ್ಳೆ ಕೇಳುತ್ತಿತ್ತು. ಮುದುಕನ ಮೂಗು ಕಟ್ಟಿದೆ ಎಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಅಣಬೆಯ ಬುಟ್ಟಿ ಹಿಡಿದು ಬರುತ್ತಿದ್ದ, ಮಧ್ಯಾಹ್ನ ಅಣಬೆ ಹುಡುಕುತ್ತೇನೆಂದು ಬೇಲಿಯ ಸುತ್ತ ತಡಕಾಡುತ್ತಿದ್ದ. ಇಡೀ ಋತುವಿನಲ್ಲಿ ಒಂದು ಅಣಬೆ ಸಿಗಲಿಲ್ಲ. ಬೆಳಿಗ್ಗೆಯೇ ಉಬ್ಬಿರುತ್ತಿದ್ದ, ಮೇಲೆ ಬಟ್ಟೆ ಹೊದಿಸಿದ ಆ ಬುಟ್ಟಿಯೊಳಗೆ ಏನಿದೆಯೆಂದು ಕೇಳುವ ಕುತೂಹಲವೂ ನನಗೆ ಹುಟ್ಟಲಿಲ್ಲ. ಭಾನುವಾರ ಅವನು ಚರ್ಚಿನ ಪೂಜೆಗೆ ಹೋಗುತ್ತಿದ್ದ, ಪೂಜೆ ಮುಗಿಸಿ ಹೆಂಡದಂಗಡಿಗೆ. ಹಕ್ಕಿಗಳ ನೆಮ್ಮದಿಗೆ ಕಾರಣ ಕಾರ್ಖಾನೆಯ ರಜೆಯಲ್ಲ, ಮಾವನ ದೈವಭಕ್ತಿ.

ಎರಡು ಶರತ್ಕಾಲ ಹೀಗೇ ಕಳೆದವು. ಮೂರನೆಯದರ ನಡುವೆ, ಅಕ್ಟೋಬರಿನ ಒಂದು ವಾರ, ಕಚೇರಿಯಿಂದ ಗಾಸ್ಪರಿನಿ ಎಂಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಗೋಪುರ ಉಳಿಯಬೇಕೋ ಬೇಡವೋ ಎಂದು ಅವರು ಕಣ್ಣಾರೆ ನೋಡಿ ಬರೆಯಬೇಕು. ಡಾಕ್ಟ್ರಮ್ಮ ಅವರನ್ನು ಭಾನುವಾರವೇ ಬರಲು ಹೇಳಿದಳು. ಸದ್ದಿಲ್ಲದ ದಿನದ ಶಾಂತ ಹಕ್ಕಿ ಹೇಗಿರುತ್ತದೆ, ಬಿಟ್ಟ ಮೇಲೆ ಹೇಗೆ ಕೂತು ಹಣ್ಣು ತಿನ್ನುತ್ತದೆ ಎಂದು ತೋರಿಸುವುದು ಅವಳ ಆಸೆ.

ಇದನ್ನು ಕೇಳಿದ ಮಾವನ ಮುಖ ಹಿತ್ತಾಳೆ ಬಣ್ಣಕ್ಕೆ ತಿರುಗಿತು. ಭಾನುವಾರ ಬಲೆಯಲ್ಲಿ ಹೆಚ್ಚು ಹಕ್ಕಿ ಇರುವುದಿಲ್ಲವೆಂದು ಅವನಿಗೆ ಗೊತ್ತು, ಯಾಕೆ ಇರುವುದಿಲ್ಲವೆಂದು ಅವನೊಬ್ಬನಿಗೇ ಗೊತ್ತು. ಖಾಲಿ ಬಲೆ ನೋಡಿದ ಅಧಿಕಾರಿ ಏನು ಬರೆಯುತ್ತಾನೆಂಬುದೂ ಗೊತ್ತು. ಶನಿವಾರ ಸಂಜೆ ಅವನು ಪಾದ್ರಿಗಳ ಹತ್ತಿರ ಹೋಗಿ, ನಾಳೆಯ ಪೂಜೆಗೆ ಬರಲಾಗುವುದಿಲ್ಲ, ಮಂಡಿನೋವು ಎಂದು ಹೇಳಿ ಬಂದನಂತೆ. ಮರುದಿನ ಎಲ್ಲರಿಗಿಂತ ಮೊದಲು ಗುಡ್ಡ ಹತ್ತಿದ್ದ.

ಗಾಸ್ಪರಿನಿ ಸಾಹೇಬರು ಪಟ್ಟಣದ ಬೂಟು ಹಾಕಿಕೊಂಡು ಬಂದಿದ್ದರು. ಹಕ್ಕಿಗಳ ಬಗ್ಗೆ ಅವರ ಜ್ಞಾನವೆಲ್ಲ ಕಬ್ಬಿಣದ ಸಲಾಕೆಗೆ ಚುಚ್ಚಿ ಬೆಣ್ಣೆ ಸವರಿ ಸುಟ್ಟವುಗಳಿಂದ ಬಂದದ್ದು. ದಾರಿಯುದ್ದಕ್ಕೂ ತಮ್ಮ ಅಜ್ಜಿ ಅದನ್ನು ಹೇಗೆ ಮಾಡುತ್ತಿದ್ದರೆಂದು ಹೇಳಿದರು. ಡಾಕ್ಟ್ರಮ್ಮ ಅವರನ್ನು ಗುಡಿಸಲ ಮಗ್ಗುಲಿಗೆ, ಬೇಲಿಯ ಒಂದು ಸಂದು ಕಾಣುವಂಥ ಕಡೆ ನಿಲ್ಲಿಸಿ, ಬಾಯಿ ಮುಚ್ಚಿಕೊಂಡಿರಬೇಕೆಂದು ವಿನಯವಾಗಿ ತಿಳಿಸಿದಳು. ನಾನು ನನ್ನ ಪೊದೆಯಲ್ಲಿ ಕೂತು, ಸಾಹೇಬರು ಕಾಣುತ್ತಾರೋ ಎಂದು ಅವತ್ತು ತಲೆ ಹೊರಗೆ ಹಾಕಿದ್ದೆ. ಕರೆಹಕ್ಕಿಗಳು ತಮ್ಮ ಸುಳ್ಳು ವಸಂತವನ್ನು ಹಾಡತೊಡಗಿದವು.

ಹಿಂಡು ಬಂತು. ದೊಡ್ಡ ಹಿಂಡು. ಬೇಲಿಯ ಮೇಲೆ ಇಳಿದು ಇನ್ನೂ ರೆಕ್ಕೆ ಮಡಚಿರಲಿಲ್ಲ, ಸುಯ್ಯೆಂದು ಶಿಳ್ಳೆ ಕೇಳಿತು, ಕಪ್ಪಗೆ ಏನೋ ಗೋಪುರದ ಕಡೆಯಿಂದ ಹಿಂಡಿನ ನೆತ್ತಿಯ ಮೇಲೆ ಸರ್ರನೆ ಎರಗಿತು. ಇಡೀ ಹಿಂಡು ಮಳೆ ಸುರಿದ ಹಾಗೆ ಕೆಳಗೆ ಸುರಿದು ಬಲೆಗೆ ಬಿತ್ತು. ನನ್ನ ಆಯುಷ್ಯದಲ್ಲಿ ಅಂಥದ್ದನ್ನು ನೋಡಿಲ್ಲ. ಬಲೆ ಜೋತುಬಿತ್ತು. ಆ ಕಪ್ಪನೆಯದು ಮಾತ್ರ ಬೇಲಿ ದಾಟಿ, ಗುಡಿಸಲಿನಿಂದ ಬರುವ ಕಾಲುದಾರಿಯಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಂದು ಬಿತ್ತು. ಕಡ್ಡಿ ಹೆಣೆದ ಬೀಸಣಿಗೆ.

ನಾನು ಜಾಣನಲ್ಲ, ಆದರೆ ಮೂರು ಶರತ್ಕಾಲದ ಮೂಗು, ಅಣಬೆ, ಭಾನುವಾರ ಎಲ್ಲ ಆ ಕ್ಷಣಕ್ಕೆ ಒಂದು ಸಾಲಿನಲ್ಲಿ ಬಂದು ನಿಂತವು. ಕಾಲುದಾರಿಯಲ್ಲಿ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಮುಚ್ಚಿಡಲು ಬೇರೇನೂ ತೋಚದೆ ನಾನು ಹೋಗಿ ಅದರ ಮೇಲೆ ಕೂತುಬಿಟ್ಟೆ.

ಸಾಹೇಬರು ಬಂದವರೇ ಬಲೆ ನೋಡಿ ಬಾಯಿ ತೆರೆದರು. ಡಾಕ್ಟ್ರಮ್ಮ ಹಿಂದೆಯೇ ಬಂದಳು. ಹಕ್ಕಿ ಬಿಡಿಸದೆ ಕೂತಿದ್ದೀಯಲ್ಲ, ಗಡಿಯಾರ ಒತ್ತಿದೆಯಾ ಎಂದಳು. ಕಾಲು ಉಳುಕಿದೆ ಎಂದೆ. ಅವಳು ನನ್ನನ್ನು ಅಲ್ಲೇ ಬಿಟ್ಟು ತಾನೇ ಒಂದಿಷ್ಟು ಹಕ್ಕಿ ಬಿಡಿಸಿ ಅಲ್ಲೇ ರಕ್ತ ತೆಗೆದಳು, ಸಾಹೇಬರ ಕೈಯಲ್ಲೇ ಚೀಲ ಹಿಡಿಸಿ ಉಳಿದವನ್ನು ಬಿಡಿಸಿ ಹಾರಿಬಿಟ್ಟಳು. ಕೈಗಳು ಕೆಲಸ ಮಾಡುತ್ತಿದ್ದರೂ ಅವಳ ಹುಬ್ಬು ಗಂಟಿಕ್ಕಿಯೇ ಇತ್ತು. ಕೆಲಸ ಮುಗಿದ ಮೇಲೆ ಕೇಳಿದಳು, “ಮೇಲಿಂದ ಏನೋ ಬಂತಲ್ಲ. ಏನದು?”

“ಗಿಡುಗ,” ಎಂದೆ. “ಬಂತು, ಹೋಯ್ತು.”

“ನಾನೂ ನೋಡಿದೆ,” ಎಂದರು ಸಾಹೇಬರು. “ಎಂಥಾ ಗಿಡುಗ ಅದು. ಏನು ವೇಗ, ಏನು ಗುರಿ. ಪ್ರಕೃತಿ ಅಂದ್ರೆ ಪ್ರಕೃತಿ ನೋಡಿ, ಮನುಷ್ಯನ ಕೈಲಿ ಆಗುತ್ತಾ ಇಂಥದ್ದು?” ಇಷ್ಟು ಹಕ್ಕಿ ಬೀಳುವ ಜಾಗವನ್ನು ಮುಚ್ಚುವುದು ಮೂರ್ಖತನ, ತಾವು ಹಾಗೆಯೇ ಬರೆಯುವುದಾಗಿ ಹೇಳಿ, ಮತ್ತೆ ಗಿಡುಗಕ್ಕೆ ಬಂದರು. ಅದರ ರೆಕ್ಕೆಯನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದರು. ದೇವರ ಕುಶಲತೆ ಎಂದರು.

ಅಷ್ಟರಲ್ಲಿ ಮಾವ ಏಣಿ ಇಳಿದು ಬಂದಿದ್ದ. ಬೇಲಿಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಗೋಪುರ ಉಳಿದಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು, ಸಾಯುವ ತನಕ ಆ ಕಲ್ಲು ಗೂಡು ಅವನದೇ. ನಾನು ಕೂತಲ್ಲಿಂದಲೇ ಕಣ್ಣಲ್ಲಿ ಸನ್ನೆ ಮಾಡಿದೆ. ಜೀವನವಿಡೀ ಒಂದೇ ಎಸೆತದ ಕಥೆ ಹೇಳಿ ಊರವರ ಕಿವಿ ತೂತು ಮಾಡಿದ ಮನುಷ್ಯ, ಆ ಎಸೆತವನ್ನು ಕೊನೆಗೂ ನಿಜವಾಗಿ ಎಸೆದಿದ್ದ, ಕಚೇರಿಯ ಸಾಹೇಬನೇ ಕಣ್ಣಾರೆ ಕಂಡಿದ್ದ. ಮತ್ತು ಹೊಗಳಿಕೆಯೆಲ್ಲ ಒಂದು ಹಕ್ಕಿಯ ಪಾಲಾಗುತ್ತಿತ್ತು. ಅವನು ಬೇಲಿಯ ಪಕ್ಕದಿಂದ ನೇರ ನನ್ನ ಹತ್ತಿರ ಬಂದ.

“ಏಳೋ ಲೋರಿಸ್,” ಎಂದ.

“ಮಾವ, ಕಾಲು ಉಳುಕಿದೆ.”

“ಏಳು ಅದರ ಮೇಲಿಂದ. ಮುರಿದೀತು.”

ನಾನು ಎದ್ದೆ. ಮಾವ ಬಗ್ಗಿ ಕಡ್ಡಿಗಿಡುಗ ಎತ್ತಿಕೊಂಡ, ನನ್ನ ಕುಂಡೆಯ ಭಾರಕ್ಕೆ ಬಾಗಿದ್ದ ಎರಡು ಕಡ್ಡಿಗಳನ್ನು ನೇರ ಮಾಡಿದ, ಸಾಹೇಬರ ಮೂಗಿನ ಕೆಳಗೆ ಹಿಡಿದ. “ಇದೇ ನಿಮ್ಮ ಪ್ರಕೃತಿ, ಸಾಹೇಬ್ರೆ. ಒಂದೇ ಎಸೆತ. ಇಡೀ ಹಿಂಡು. ನಮ್ಮಪ್ಪನ ಕಾಲದಿಂದ ಈ ಕಣಿವೇಲಿ ಯಾರ ಕೈಲೂ ಆಗಿಲ್ಲ.”

ಸಾಹೇಬರು ಮೊದಲು ನಕ್ಕರು. ಆಮೇಲೆ ಪರವಾನಗಿಯ ಮಾತು ನೆನಪಾಗಿ ನಗು ನಿಲ್ಲಿಸಿದರು. ಇದು ನಿಷಿದ್ಧವಲ್ಲವೇ ಎಂದು ಡಾಕ್ಟ್ರಮ್ಮನತ್ತ ತಿರುಗಿದರು. ಅವಳು ಅವರ ಕಡೆ ನೋಡಲೂ ಇಲ್ಲ.

“ವಾರದ ದಿನಗಳಲ್ಲೂ ಎಸೀತಿದ್ರಾ?” ಎಂದು ಕೇಳಿದಳು.

“ಎಸೀದೆ ಮತ್ತೆ? ಇಲ್ಲಾಂದ್ರೆ ನಿಮ್ಮ ಬಲೆಗೆ ಹಕ್ಕಿ ಎಲ್ಲಿಂದ ಬರ್ತಿತ್ತು ಡಾಕ್ಟ್ರಮ್ಮ?”

“ಭಾನುವಾರ?”

“ಭಾನುವಾರ ಪೂಜೆ ಇರುತ್ತಲ್ಲ.”

ಅವಳು ಚೀಲಗಳನ್ನು ಇಟ್ಟಿದ್ದ ಕಲ್ಲಿನ ಮೇಲೆ ಕೂತಳು. ಅವಳ ಸಿಟ್ಟನ್ನು ನಾನು ಕಾಯುತ್ತಿದ್ದೆ; ಬರಲಿಲ್ಲ. ಒಂದು ಸಿದ್ಧಾಂತ ಕುಸಿಯುವಾಗಲೂ ಆ ಜನ ಮೊದಲು ಇಟ್ಟಿಗೆ ಎಣಿಸುತ್ತಾರೇನೋ. ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವಂತೆ ಅವಳು ಹೇಳಿದಳು, “ಆದ್ರೂ ಸರಿಹೋಗಲ್ಲ. ಇವತ್ತಿನ ಹಾಗೆ ಒಂದೇ ಎಸೆತಕ್ಕೆ ಬಿದ್ದಿದ್ರೆ ರಕ್ತದಲ್ಲಿ ಏನೂ ಕಾಣ್ತಿರಲಿಲ್ಲ. ಅಷ್ಟು ಬೇಗ ಏರಲ್ಲ ಅದು. ಕಾಲು ಗಂಟೆಯಾದ್ರೂ ಭಯದಲ್ಲಿ ಇದ್ದಿರಬೇಕು ಆ ಹಕ್ಕಿಗಳು.” ಅವಳು ತಲೆಯೆತ್ತಿದಳು. “ಒಂದೊಂದು ಹಿಂಡಿಗೆ ಎಷ್ಟು ಸಲ ಎಸೀತಿದ್ರಿ, ವಿಜಿಲಿಯೋ ಅವರೇ?”

 ಮಾವ ಕಡ್ಡಿಗಿಡುಗವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಒಂದು ಅಣಬೆಯೂ ಸಿಗದ ಬುಟ್ಟಿ ಯಾಕೆ ಅಷ್ಟು ಉಬ್ಬಿರುತ್ತಿತ್ತು ಎಂದು ನನಗೆ ಆಗ ಅರ್ಥವಾಯಿತು. ಮೊದಲನೆಯದು ತಪ್ಪುತ್ತಿತ್ತು, ಹಿಂಡು ಎದ್ದು ಸುತ್ತು ಹಾಕಿ ಗಾಬರಿಯಿಂದ ಮತ್ತೆ ಕೂರುತ್ತಿತ್ತು, ಎರಡನೆಯದು ತಪ್ಪುತ್ತಿತ್ತು, ಮತ್ತೊಂದು, ಮಗದೊಂದು. ಅವನ ಒಂದೊಂದು ತಪ್ಪು ಗುರಿಯೂ ಎರಡು ವರ್ಷದಿಂದ ಸಿಳ್ಳಾರಗಳ ರಕ್ತದಲ್ಲಿ ಕೂತು ಡಾಕ್ಟ್ರಮ್ಮನ ಶೀಷೆಗಳಿಗೆ ಇಳಿದಿತ್ತು. ಹೆಂಡದಂಗಡಿಯಲ್ಲಿ ಕೊಚ್ಚಿಕೊಂಡಷ್ಟು ಕೈಚಳಕ ಅವನಿಗೆ ನಿಜಕ್ಕೂ ಇದ್ದಿದ್ದರೆ ಅವನು ಎಂದಿಗೂ ಸಿಕ್ಕಿಬೀಳುತ್ತಿರಲಿಲ್ಲ.

“ತೋಳು ಮೊದಲಿನ ಹಾಗಿಲ್ಲ,” ಎಂದ ಕೊನೆಗೆ, ಬಹಳ ಮೆಲ್ಲಗೆ. ಅದು ಅವನು ಸಾಹೇಬರ ಮುಂದೆ ಒಪ್ಪಿಕೊಂಡ ಎರಡನೇ ಮಾತು. ಮೊದಲನೆಯದಕ್ಕಿಂತ ಇದು ಹೆಚ್ಚು ತುಟ್ಟಿಯಾಗಿತ್ತು.

ನವೆಂಬರಿನಲ್ಲಿ ಗೋಪುರಕ್ಕೆ ಬೀಗ ಬಿತ್ತು. ಡಾಕ್ಟ್ರಮ್ಮ ಸರೋವರದ ಕಡೆಗೆ ಹೋದಳು. ವಾರದ ದಿನಗಳ ರಕ್ತವನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದಳಂತೆ. ಎರಡು ವರ್ಷಕ್ಕೂ ಮೇಲಿನ ಕೆಲಸದಲ್ಲಿ ಉಳಿದದ್ದು ಭಾನುವಾರಗಳು ಮಾತ್ರ. ಬಡಿಗೆಯಂತ್ರ ನಿರಪರಾಧಿಯೆಂದು ಸಾಬೀತಾಗಿ ಬೆಳಗಿನಿಂದಲೇ ಬಡಿಯುತ್ತಿದೆ. ನಾನು ಮತ್ತೆ ಮಧ್ಯಾಹ್ನದ ತನಕ ಹಾಸಿಗೆಯಲ್ಲಿ ಹೊರಳುತ್ತೇನೆ. ಮೇಸ್ತ್ರಿಯ ನೆರಳು ಬೆನ್ನ ಮೇಲೆ ಬಿದ್ದರೆ ನಮ್ಮ ಸಾಲಿನವರೆಲ್ಲ ಒಟ್ಟಿಗೆ ತಲೆ ತಗ್ಗಿಸಿ ಉಜ್ಜತೊಡಗುತ್ತೇವೆ. ನಮ್ಮ ರಕ್ತ ಯಾರೂ ತೆಗೆದು ನೋಡಿಲ್ಲ.

ಮಾವ ಮಂಚ ಹಿಡಿದ. ದೊಮಿತಿಲ್ಲಾ ಹೇಳಿದ ಹಾಗೆಯೇ. ಚಳಿಗಾಲವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದ. ಕರೆಹಕ್ಕಿಗಳನ್ನು ಇನ್ನೊಬ್ಬರು ಒಯ್ದರು. ಒಂದು ಸಲ ನೋಡಲು ಹೋದಾಗ, ಅವನು ಏಳುತ್ತಾನೋ ಇಲ್ಲವೋ ಎಂದು ನಾನು ಕೇಳಿದೆ. ಬೆಳಕಿಗೆ ತಂದರೆ ಎದ್ದಾನು ಎಂದಳು ದೊಮಿತಿಲ್ಲಾ, ಆದರೆ ಕಿಟಕಿ ತೆರೆಯಲು ಬಿಡುತ್ತಿಲ್ಲ.

ಈ ಅಕ್ಟೋಬರಿನಲ್ಲಿ, ಒಂದು ದಿನ ಬೆಳಗಿನ ಪಾಳಿಗೆ ಹೋಗಬೇಕಾಗಿ ಬಂತು. ಎಂದಿನಂತೆ ತಡವಾಗಿತ್ತು. ಕಾರ್ಖಾನೆಯ ವಾಹನ ನಿಲ್ಲಿಸುವ ಬಯಲಿನ ತಿರುವಿನಲ್ಲಿ ಮಾವ ನಿಂತಿದ್ದ, ಪೈಜಾಮದ ಮೇಲೆ ಕೋಟು ಹಾಕಿಕೊಂಡು, ಬುಟ್ಟಿ ಕಾಲ ಬಳಿ ಇಟ್ಟುಕೊಂಡು. ಗುಡ್ಡ ದಾಟಿ ಬಂದ ಸಿಳ್ಳಾರಗಳ ಸಣ್ಣ ಹಿಂಡೊಂದು ಬಯಲಿನ ಸುತ್ತಲಿನ ಪೊದೆಬೇಲಿಯ ಮೇಲೆ ಇಳಿದಿತ್ತು. ಮಾವ ಶಿಳ್ಳೆ ಹಾಕಿ ಕಡ್ಡಿಗಿಡುಗ ಒಗೆದ. ಅದು ಮೇಸ್ತ್ರಿಯ ಕಾರಿನ ಮೇಲೆ ಬಿತ್ತು. ಹಿಂಡು ಎದ್ದು ಸುತ್ತು ಹಾಕಿ ಮತ್ತೆ ಕೂತಿತು. ಬುಟ್ಟಿಯಿಂದ ಇನ್ನೊಂದು ತೆಗೆದು ಒಗೆದ. ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾನು ಸೈಕಲ್ಲಿನಿಂದ ಇಳಿದು ಮರೆಯಲ್ಲಿ ನಿಂತೆ. ಮೂರನೆಯದು ಸರಿಯಾಗಿ ನೆತ್ತಿಯ ಮೇಲೆ ಹೋಯಿತು; ಹಕ್ಕಿಗಳೆಲ್ಲ ಒಟ್ಟಿಗೆ ನೆಲಕ್ಕೆ ನುಗ್ಗಿ, ಕಾರುಗಳ ನಡುವಿಂದ ತೂರಿ, ಇಲ್ಲದ ಬಲೆಯನ್ನು ದಾಟಿ, ಹೊಳೆಯ ಆಚೆಗೆ ಹಾರಿಹೋದವು.

ಮಾವ ತಿರುಗಿ ನೋಡಿದ. ಯಾರಾದರೂ ನೋಡಿದರೇ ಎಂದು ನೋಡಿದ್ದು. ಸಿಕ್ಕಿದ್ದು ನಾನು.

“ಈಗ ಬಂದೆಯೇನೋ?”

“ಈಗ್ಲೇ ಬಂದೆ.”

“ನೋಡ್ದೆ ತಾನೆ? ಗಿಡುಗ ಅಂತ ಹೇಳ್ಬೇಡ ಈ ಸಲ.”

“ನೀನೇ ಮಾವ. ನೋಡ್ದೆ.”

“ಎಷ್ಟು ಎಸೆತ?”

ಕಾರ್ಖಾನೆಯ ಸೈರನ್ನು ಎರಡನೇ ಸಲ ಕೂಗಿತು. ಮೇಸ್ತ್ರಿಯ ಕಾರಿನ ಮೇಲಿನ ಕಡ್ಡಿಗಿಡುಗ ಗಾಳಿಗೆ ಮೆಲ್ಲಗೆ ಜಾರುತ್ತಿತ್ತು.

“ಒಂದೇ,” ಎಂದೆ.

“ಹಾಗಾದ್ರೆ ಹೆಂಡದಂಗಡೀಲಿ ಹೇಳು,” ಎಂದು ಮಾವ ಬುಟ್ಟಿ ಎತ್ತಿಕೊಂಡು, ಅಣಬೆ ಹುಡುಕುವವನ ಹಾಗೆ ಕಾರುಗಳ ನಡುವೆ ಬಗ್ಗಿ ನಡೆದ.